ಬಹುಮಾನದ ಬೆಲೆ ತೆರುವವರು ಯಾರು?

ಗೃಹಸ್ಥನಾದವನು ಧನವನ್ನು ಸಂಪಾದಿಸದೆ, ವ್ಯಯಿಸದೆ ಬಾಳಲಾರನು. ಆದುದರಿಂದಲೇ ನಮ್ಮ ಆಚಾರ್ಯರು ಮುನಿಗಳಿಗೆ ವಿಧಿಸಿದ ಸರ್ವಪರಿಗ್ರಹ ತ್ಯಾಗವನ್ನು ಶ್ರಾವಕನಿಗೆ ವಿಧಿಸಲಿಲ್ಲ. ಅವನಿಗೆ ಹೇಳಿದ್ದು ಪರಿಗ್ರಹದ ಪರಿಮಾಣವನ್ನು, ಎಂದರೆ ಮಿತಿಯನ್ನು. ಕೈಗೆ ಬಂದ ಹಣದ ಬಗ್ಗೆ ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದು ಎಲ್ಲಿಂದ ಬಂದಿತು? ನನಗೆ ಎಷ್ಟು ಸಾಕು? ಮೊದಲನೆಯದು ಅಚೌರ್ಯಕ್ಕೆ ಸೇರಿದ ಪ್ರಶ್ನೆ. ಎರಡನೆಯದು ಅಪರಿಗ್ರಹಕ್ಕೆ ಸೇರಿದ್ದು. ಈ ಎರಡು ಪ್ರಶ್ನೆಗಳನ್ನು ನಮ್ಮ ಕಾಲದ ಒಂದು ಸಣ್ಣ ವಸ್ತುವಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಆ ವಸ್ತು ಕ್ರೆಡಿಟ್ ಕಾರ್ಡ್. ಅದರಲ್ಲಿಯೂ ವಿಶೇಷವಾಗಿ, ಖರ್ಚು ಮಾಡಿದಂತೆಲ್ಲ ರಿವಾರ್ಡ್ ಪಾಯಿಂಟ್ ಎಂಬ ಬಹುಮಾನವನ್ನು ಕೊಡುವ ಕಾರ್ಡ್.

ಒಂದು ಕಾಲಕ್ಕೆ ಇದು ಮಹಾನಗರದ ನೌಕರವರ್ಗದ ಸಂಗತಿಯಾಗಿತ್ತು. ಈಗ ಹಾಗಿಲ್ಲ. 2024ರ ಆರಂಭದಲ್ಲಿ ನಮ್ಮ ದೇಶದಲ್ಲಿ ಚಲಾವಣೆಯಲ್ಲಿದ್ದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂತಹ ತಾಲ್ಲೂಕು ಕೇಂದ್ರಗಳಲ್ಲಿ ಶಿಕ್ಷಕರು, ಸರ್ಕಾರಿ ನೌಕರರು, ಅಂಗಡಿಯವರು, ಬೆಂಗಳೂರು ಮೈಸೂರುಗಳಲ್ಲಿ ಕೆಲಸಕ್ಕಿರುವ ಮಕ್ಕಳುಳ್ಳ ರೈತ ಕುಟುಂಬಗಳು ಇಂದು ಎದುರಿಸುವ ಪ್ರಶ್ನೆ ‘ಕಾರ್ಡ್ ಬೇಕೆ’ ಎಂಬುದಷ್ಟೇ ಅಲ್ಲ. ‘ಯಾವ ಕಾರ್ಡಿನಲ್ಲಿ ಹೆಚ್ಚು ಲಾಭ’ ಎಂಬುದು. ಅದರ ಬೆನ್ನಿಗೇ ಇನ್ನೊಂದು ಚಿಂತೆ: ‘ಸಿಬಿಲ್ ಎಷ್ಟಿದೆ?’ ಲಾಭದ ಮಾತು, ಅಂಕದ ಮಾತು ಎರಡೂ ಕೇಳಿಬರುತ್ತವೆ. ಧರ್ಮದ ಮಾತು ಮಾತ್ರ ಕೇಳಿಬರುವುದಿಲ್ಲ. ಇಲ್ಲಿ ಧರ್ಮಕ್ಕೆ ಸಂಬಂಧಿಸಿದ್ದೇನೂ ಇಲ್ಲವೆಂದೇ ಬಹುಮಂದಿಯ ಭಾವನೆ. ಅದು ಸರಿಯೇ ಎಂದು ವಿಚಾರಿಸೋಣ.

ಸಾಲವೇ ದೋಷವಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಸಾಲ, ಬಡ್ಡಿ ಎಂಬ ಮಾತು ಬಂದೊಡನೆ ಅದನ್ನು ಪಾಪವೆಂದು ತಳ್ಳಿಹಾಕುವುದು ನಮ್ಮ ಪರಂಪರೆಯ ರೀತಿಯಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ, ಊರಿಗೆ ಹೆಸರು ತಂದ ಎತ್ತರದ ಬ್ರಹ್ಮದೇವರ ಕಂಬವೂ ಇಂದಿಗೂ ನಿಂತಿವೆ. ಅಲ್ಲಿಂದ ಅನತಿದೂರದಲ್ಲಿರುವ ಶ್ರವಣಬೆಳಗೊಳದ ಶಾಸನಗಳಲ್ಲಿ, ಶ್ರಾವಕರು ಇಂತಿಷ್ಟು ಗದ್ಯಾಣಗಳನ್ನು ದತ್ತಿಯಾಗಿಟ್ಟು, ಅದರ ಬಡ್ಡಿಯಿಂದ ಅಭಿಷೇಕದ ಹಾಲಿಗೂ ಪೂಜೆಯ ಹೂವಿಗೂ ವ್ಯವಸ್ಥೆ ಮಾಡಿದ ಸಂಗತಿಗಳು ದಾಖಲಾಗಿವೆ. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಸಮಾಜಕ್ಕೆ ಕೊಡುಕೊಳ್ಳುವಿಕೆ ಅನಿವಾರ್ಯ. ನ್ಯಾಯವಾದ ಬಡ್ಡಿಯನ್ನು ನಮ್ಮ ಹಿರಿಯರು ದೇವರ ಕಾರ್ಯಕ್ಕೂ ಸಲ್ಲುವ ಹಣವೆಂದು ಭಾವಿಸಿದರು.

ಕನ್ನಡ ಭಾಷೆಯೇ ಈ ವಿಷಯದಲ್ಲಿ ನಮಗೆ ಒಂದು ಪಾಠವನ್ನು ಹೇಳುತ್ತದೆ. ‘ನಾಣ್ಯ’ವೆಂದರೆ ಟಂಕಿಸಿದ ದುಡ್ಡು, ಅದೇ ‘ನಾಣ್ಯ’ವೆಂದರೆ ಪ್ರಾಮಾಣಿಕತೆ. ‘ಅವನು ನಾಣ್ಯಸ್ಥ’ ಎಂದರೆ ಹಣವುಳ್ಳವನೆಂದಲ್ಲ, ಕೊಟ್ಟ ಮಾತಿಗೆ ತಪ್ಪದವನೆಂದು ಅರ್ಥ. ಸಾಲ ಕೊಳ್ಳುವವನಲ್ಲಿಯೂ ಕೊಡುವವನಲ್ಲಿಯೂ ನಾಣ್ಯವಿದ್ದರೆ ವ್ಯವಹಾರ ಶುದ್ಧ. ಒಬ್ಬರಲ್ಲಿ ಇಲ್ಲದಿದ್ದರೂ ಅದು ಅಶುದ್ಧ. ಆದುದರಿಂದ ಕ್ರೆಡಿಟ್ ಕಾರ್ಡನ್ನು ಅದು ಸಾಲವೆಂಬ ಕಾರಣಕ್ಕಾಗಿ ನಾವು ದೂಷಿಸಬೇಕಾಗಿಲ್ಲ. ವಿಚಾರಿಸಬೇಕಾದದ್ದು ಅದರಲ್ಲಿ ನಾಣ್ಯವಿದೆಯೇ ಎಂಬುದನ್ನು.

ಬಹುಮಾನ ಹುಟ್ಟುವ ಬಗೆ

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಕಾರ್ಡಿನಿಂದ ದೊರೆಯುವ ಬಹುಮಾನ ಎಲ್ಲಿಂದ ಬರುತ್ತದೆ? ಬ್ಯಾಂಕು ಅದನ್ನು ತನ್ನ ಔದಾರ್ಯದಿಂದ ಕೊಡುವುದಿಲ್ಲ. ಅದರ ಮೂಲಗಳು ಮುಖ್ಯವಾಗಿ ಎರಡು.

ಒಂದು, ವ್ಯಾಪಾರಿ ತೆರುವ ಶುಲ್ಕ. ಗ್ರಾಹಕನು ಕ್ರೆಡಿಟ್ ಕಾರ್ಡನ್ನು ಉಜ್ಜಿ ಹತ್ತು ಸಾವಿರ ರೂಪಾಯಿಯ ಸರಕು ಕೊಂಡರೆ, ಅಂಗಡಿಯವನ ಖಾತೆಗೆ ಪೂರ್ಣ ಹತ್ತು ಸಾವಿರ ಸೇರುವುದಿಲ್ಲ. ನೂರಕ್ಕೆ ಸುಮಾರು ಎರಡು ರೂಪಾಯಿ ಎಂದಿಟ್ಟುಕೊಂಡರೆ, ಇನ್ನೂರು ರೂಪಾಯಿ ಬ್ಯಾಂಕುಗಳಿಗೂ ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆಗೂ ಹಂಚಿಹೋಗುತ್ತದೆ. ಆ ಇನ್ನೂರರಲ್ಲಿ ಒಂದು ಭಾಗವೇ ಪಾಯಿಂಟುಗಳ ರೂಪದಲ್ಲಿ ಗ್ರಾಹಕನಿಗೆ ಮರಳುವುದು. ರೂಪೇ ಡೆಬಿಟ್ ಕಾರ್ಡಿಗೂ, ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮೂಲಕ ಮಾಡುವ ಪಾವತಿಗೂ 2020ರ ಜನವರಿಯಿಂದ ಇಂತಹ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿಗೆ ಇದೆ. ವ್ಯಾಪಾರಿಯು ಈ ನಷ್ಟವನ್ನು ತಾನೇ ನುಂಗಿಕೊಳ್ಳಬೇಕು, ಇಲ್ಲವೇ ಸರಕಿನ ಬೆಲೆಯಲ್ಲಿ ಸೇರಿಸಬೇಕು. ಬೆಲೆಯಲ್ಲಿ ಸೇರಿಸಿದನೆಂದರೆ ಅದನ್ನು ಕಾರ್ಡುಳ್ಳವನೊಬ್ಬನೇ ತೆರುವುದಿಲ್ಲ. ಸೆರಗಿನ ಗಂಟಿನಿಂದ ನೋಟು ತೆಗೆದು ಕೊಡುವ ಕೂಲಿಯ ಹೆಣ್ಣುಮಗಳೂ ಅದೇ ಬೆಲೆಯನ್ನು ತೆರುತ್ತಾಳೆ. ಪಾಯಿಂಟು ಮಾತ್ರ ಅವಳಿಗಿಲ್ಲ.

ಇದು ಕೇವಲ ಊಹೆಯಲ್ಲ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಲ್ಲಿನ ಲೆಕ್ಕವನ್ನು ತೆಗೆದರು. ನಗದಿನಲ್ಲಿ ಕೊಳ್ಳುವ ಕುಟುಂಬ ಸರಾಸರಿ ವರ್ಷಕ್ಕೆ 149 ಡಾಲರುಗಳನ್ನು ತನಗರಿವಿಲ್ಲದೆ ಕಾರ್ಡಿನವರಿಗೆ ತೆರುತ್ತದೆ, ಕಾರ್ಡ್ ಬಳಸುವ ಕುಟುಂಬ ಸರಾಸರಿ 1,133 ಡಾಲರುಗಳನ್ನು ಪಡೆಯುತ್ತದೆ ಎಂದು ಅವರು ಕಂಡುಕೊಂಡರು. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕು 2003ರಲ್ಲಿ ಈ ಶುಲ್ಕದ ಒಂದು ಮುಖ್ಯ ಅಂಶವನ್ನು ಇಳಿಸಿದಾಗ ಅಲ್ಲಿನ ಕಾರ್ಡುಗಳ ಪಾಯಿಂಟುಗಳ ಬೆಲೆಯೂ ಇಳಿಯಿತು. ಕಾಲುವೆಯ ತೂಬನ್ನು ಇಳಿಸಿದರೆ ಗದ್ದೆಯ ನೀರು ಇಳಿಯುತ್ತದೆ. ನೀರು ಎಲ್ಲಿಂದ ಬರುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯ ಮೂಲ ಬಡ್ಡಿ ಮತ್ತು ತಡಪಾವತಿಯ ದಂಡ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ತೀರಿಸಿದವನಿಗೆ ಬಡ್ಡಿಯಿಲ್ಲ. ತೀರಿಸಲಾಗದವನಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಬಡ್ಡಿ ಅನೇಕ ಕಾರ್ಡುಗಳಲ್ಲಿ ಸಾಮಾನ್ಯ, ವರ್ಷಕ್ಕೆ ನಲವತ್ತೆರಡು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬನು ನಲವತ್ತು ಸಾವಿರ ರೂಪಾಯಿಯ ಸಾಮಾನು ಕೊಂಡನು. ನೂರಕ್ಕೆ ಒಂದರಂತೆ 400 ರೂಪಾಯಿಯ ಬಹುಮಾನ ಬಂದಿತು. ತಿಂಗಳ ಕೊನೆಗೆ ಹಣವಿಲ್ಲದೆ ‘ಕನಿಷ್ಠ ಮೊತ್ತ’ವೆಂದು 2,000 ರೂಪಾಯಿ ಕಟ್ಟಿದನು. ನಲವತ್ತು ಸಾವಿರದ ಮೇಲೆ ಒಂದು ತಿಂಗಳ ಬಡ್ಡಿ 1,400 ರೂಪಾಯಿ, ಆ ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟರ ಜಿಎಸ್‌ಟಿ 252 ರೂಪಾಯಿ, ಒಟ್ಟು 1,652. ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಜಮೆಯಾದದ್ದು 348 ರೂಪಾಯಿ ಮಾತ್ರ. ಬಂದ ಬಹುಮಾನದ ನಾಲ್ಕು ಪಟ್ಟು ಒಂದೇ ತಿಂಗಳಲ್ಲಿ ಹೊರಟುಹೋಯಿತು. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ.

ವರ್ಷಕ್ಕೆ ನೂರಕ್ಕೆ ಮೂವತ್ತನ್ನು ಮೀರಿದ ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ವಿವಾದಗಳ ಆಯೋಗ 2008ರಲ್ಲಿ ತೀರ್ಪು ನೀಡಿತ್ತು. ಬಡ್ಡಿಯ ನಿಯಂತ್ರಣ ಆಯೋಗದ ಅಧಿಕಾರಕ್ಕೆ ಸೇರಿದ್ದಲ್ಲವೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಕಾನೂನು ಬಿಟ್ಟಲ್ಲೆಲ್ಲ ಧರ್ಮವೂ ಬಿಡುತ್ತದೆಯೆಂದು ಭಾವಿಸುವ ಹಾಗಿಲ್ಲ.

ಒಂದು ಆಕ್ಷೇಪ ಮತ್ತು ಅದರ ಸಮಾಧಾನ

ಇಲ್ಲಿ ವಿವೇಕಿಯಾದ ವಾಚಕನು ಹೀಗೆ ಕೇಳಬಹುದು: ‘ನಾನು ಪ್ರತಿ ತಿಂಗಳೂ ಪೂರ್ಣ ಮೊತ್ತವನ್ನು ತೀರಿಸುತ್ತೇನೆ. ಯಾರನ್ನೂ ವಂಚಿಸಿಲ್ಲ. ಬಡ್ಡಿ ತೆರುವವನು ತನ್ನ ಅವಿವೇಕದಿಂದ ತೆರುತ್ತಾನೆ. ನಾನು ಪಾಯಿಂಟುಗಳನ್ನು ಬಿಟ್ಟುಕೊಟ್ಟರೆ ಅವು ಆ ಬಡವನಿಗೆ ಸೇರುತ್ತವೆಯೇ? ಬ್ಯಾಂಕಿಗೇ ಉಳಿಯುತ್ತವೆ. ಹೀಗಿರುವಾಗ ನನ್ನ ದೋಷವೇನು?’

ಈ ಆಕ್ಷೇಪ ಹಗುರವಾದುದಲ್ಲ, ಅದಕ್ಕೆ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು. ಅಂಥವನು ಕಳ್ಳನಲ್ಲ. ಒಪ್ಪಂದದಂತೆ ಬಂದದ್ದನ್ನು ತೆಗೆದುಕೊಂಡವನನ್ನು ಚೌರ್ಯದ ದೋಷಿ ಎನ್ನಲಾಗದು. ಆದರೆ ನಮ್ಮ ನೀತಿವಿಚಾರವು ಕರ್ಮವನ್ನು ‘ಮಾಡಿದೆ, ಮಾಡಲಿಲ್ಲ’ ಎಂದು ಎರಡೇ ಭಾಗವಾಗಿ ಒಡೆಯುವುದಿಲ್ಲ. ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ವಿಂಗಡಿಸುತ್ತದೆ: ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಮನಸ್ಸಿನಲ್ಲಿ ಸಮ್ಮತಿಸಿದ್ದು. ಈ ಅಳತೆಗೋಲನ್ನು ಹಿಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಗಡುವಿನೊಳಗೆ ತೀರಿಸುವವನಿಗೆ ಕೃತದೋಷವಿಲ್ಲ. ಆದರೆ ಪರಿಚಿತರಿಗೆ ಕಾರ್ಡ್ ಕೊಡಿಸಿದರೆ ಇಂತಿಷ್ಟು ಪಾಯಿಂಟ್ ಎಂಬ ಆಮಿಷವನ್ನು ಅನೇಕ ಬ್ಯಾಂಕುಗಳು ಒಡ್ಡುತ್ತವೆ. ಆದಾಯವೆಷ್ಟು, ಖರ್ಚೆಷ್ಟು ಎಂಬುದನ್ನು ವಿಚಾರಿಸದೆ ತಂಗಿಯ ಮಗನಿಗೋ ಅಂಗಡಿಯ ಹುಡುಗನಿಗೋ ಕಾರ್ಡ್ ಕೊಡಿಸಿ, ಆ ಪಾಯಿಂಟುಗಳಿಂದ ಮನೆಗೆ ಮಿಕ್ಸಿ ತಂದವನು ಕಾರಿತದ ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ಆ ಹುಡುಗನು ಮುಂದೆ ತೆರುವ ಬಡ್ಡಿಯಲ್ಲಿ ಈತನ ಕೈಯೂ ಇದೆ. ಇನ್ನು ‘ಬಡ್ಡಿ ತೆರುವವರು ಮೂರ್ಖರು, ಅವರಿಂದಲೇ ನಮಗೆ ಲಾಭ’ ಎಂದು ನಗುವವನಿದ್ದಾನೆ. ಆ ನಗೆ ಅನುಮೋದನೆಯಲ್ಲದೆ ಮತ್ತೇನು? ಒಂದೇ ಪಾಯಿಂಟನ್ನು ಇಬ್ಬರು ಪಡೆಯಬಹುದು. ಒಬ್ಬನು ನಿರ್ಲಿಪ್ತನಾಗಿ, ಇನ್ನೊಬ್ಬನು ಪರರ ಸಂಕಷ್ಟದಲ್ಲಿ ಸಂತೋಷಿಸುತ್ತ. ಲೆಕ್ಕದ ಪುಸ್ತಕದಲ್ಲಿ ಅವರು ಸಮಾನರು, ಕರ್ಮಬಂಧದಲ್ಲಿ ಅಲ್ಲ.

ಆದುದರಿಂದ ಉತ್ತರ ಇಷ್ಟು: ಬಹುಮಾನವನ್ನು ಪಡೆಯುವುದು ತನ್ನಷ್ಟಕ್ಕೆ ಪಾಪವಲ್ಲ; ಅದರ ಮೂಲವನ್ನು ಮರೆಯುವುದು ಪ್ರಮಾದ. ಮೂಲವನ್ನು ನೆನೆದವನು ಕೆಲವು ಕೆಲಸಗಳನ್ನು ತಾನಾಗಿಯೇ ಮಾಡುತ್ತಾನೆ. ಸಂತೆಬೀದಿಯ ಚಿಕ್ಕ ಅಂಗಡಿಯಲ್ಲಿ ನೂರಕ್ಕೆ ಎರಡು ರೂಪಾಯಿ ಆ ದಿನದ ಲಾಭದ ದೊಡ್ಡ ಪಾಲಾಗಿರಬಹುದೆಂದು ತಿಳಿದು, ಅಲ್ಲಿ ನಗದನ್ನೋ ಖಾತೆಯಿಂದ ನೇರ ಯುಪಿಐಯನ್ನೋ ಬಳಸುತ್ತಾನೆ. ಕಾರ್ಡನ್ನು ಪರರಿಗೆ ಶಿಫಾರಸು ಮಾಡುವ ಮೊದಲು ಅದರ ಬಡ್ಡಿಯ ಲೆಕ್ಕವನ್ನು ಹೇಳುತ್ತಾನೆ. ಪಾಯಿಂಟುಗಳಿಂದ ಬಂದದ್ದರಲ್ಲಿ ಒಂದು ಪಾಲನ್ನು ಆಹಾರ, ಔಷಧ, ವಿದ್ಯೆಗಳ ದಾನಕ್ಕೆ ಮೀಸಲಿಡುತ್ತಾನೆ.

ಎರಡು ಕಾರ್ಡುಗಳು, ಎರಡು ಬಗೆಯ ಬಹುಮಾನ

ಮಂಡ್ಯ ಜಿಲ್ಲೆಯ ರೈತರಿಗೆ ಕ್ರೆಡಿಟ್ ಕಾರ್ಡ್ ಎಂಬ ಮಾತು ಹೊಸದೇನಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ 1998ರಲ್ಲಿಯೇ ಆರಂಭವಾಯಿತು. ಅದರ ರೀತಿಯನ್ನು ಗಮನಿಸಬೇಕು. ಮೂರು ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ವರ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ. ಗಡುವಿನೊಳಗೆ ತೀರಿಸಿದವನಿಗೆ ನೂರಕ್ಕೆ ಮೂರರಷ್ಟು ಪ್ರೋತ್ಸಾಹಧನ ಸಲ್ಲುವುದರಿಂದ ಉಳಿಯುವುದು ನಾಲ್ಕು ಮಾತ್ರ. 2025-26ನೆಯ ಸಾಲಿಗೂ ಕೇಂದ್ರ ಸರ್ಕಾರ ಈ ಕ್ರಮವನ್ನೇ ಮುಂದುವರಿಸಿತು. ಸಹಕಾರ ಸಂಘಗಳ ಮೂಲಕ ಕರ್ನಾಟಕ ಸರ್ಕಾರ ಕೊಡಿಸುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 2023-24ರಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿತು. ಅಲ್ಲಿಯೂ ಸೌಲಭ್ಯ ದೊರೆಯುವುದು ಸಕಾಲದಲ್ಲಿ ಮರುಪಾವತಿ ಮಾಡಿದವನಿಗೆ.

ಇಲ್ಲಿಯೂ ಬಹುಮಾನವಿದೆ. ಆದರೆ ಯಾವುದಕ್ಕೆ? ತೀರಿಸಿದ್ದಕ್ಕೆ. ಪೇಟೆಯ ಕಾರ್ಡಿನಲ್ಲಿಯೂ ಬಹುಮಾನವಿದೆ. ಅದು ಯಾವುದಕ್ಕೆ? ಖರ್ಚು ಮಾಡಿದ್ದಕ್ಕೆ. ಒಂದು ಕಾರ್ಡು ಋಣಮುಕ್ತಿಯನ್ನು ಸನ್ಮಾನಿಸುತ್ತದೆ, ಇನ್ನೊಂದು ಭೋಗವನ್ನು. ಸಂಸ್ಥೆಯೊಂದು ಯಾವ ಗುಣಕ್ಕೆ ಬಹುಮಾನ ಕೊಡುತ್ತದೆಯೋ ಆ ಗುಣವನ್ನೇ ಮನುಷ್ಯನಲ್ಲಿ ಬೆಳೆಸುತ್ತದೆ. ಮಗುವು ಪಾಠವೊಪ್ಪಿಸಿದಾಗ ಕಲ್ಲುಸಕ್ಕರೆ ಕೊಡುವ ತಾಯಿಗೂ, ಹಟ ಮಾಡಿದಾಗ ಕಲ್ಲುಸಕ್ಕರೆ ಕೊಡುವ ತಾಯಿಗೂ ಇರುವ ಅಂತರ ಇದು.

ಇನ್ನೊಂದು ಅಂತರ ಕಾಲಕ್ಕೆ ಸಂಬಂಧಿಸಿದ್ದು. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕೃಷ್ಣರಾಜಸಾಗರದ ಕಾಲುವೆಗಳನ್ನು ನಂಬಿದ ಕಬ್ಬು ಮತ್ತು ಭತ್ತ. ಕೃಷ್ಣರಾಜಪೇಟೆಯಲ್ಲಿ ಒಂದಿಷ್ಟು ಹೇಮಾವತಿಯ ನೀರು. ನಾಗಮಂಗಲದಲ್ಲಿ ಬಹುಪಾಲು ಮಳೆಯಾಶ್ರಯದ ರಾಗಿ, ಹುರುಳಿ, ತೆಂಗು. ಕಬ್ಬಿನ ಹಣ ಕೈಸೇರುವುದು ವರ್ಷಕ್ಕೊಮ್ಮೆ. ಕಾರ್ಡಿನ ಬಿಲ್ಲು ಬರುವುದು ತಿಂಗಳಿಗೊಮ್ಮೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಹದಿನಾಲ್ಕು ದಿನಗಳೊಳಗೆ ರೈತನಿಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ ಹದಿನೈದರ ಬಡ್ಡಿ ಸೇರಿಸಬೇಕು. ಅದೇ ರೈತನು ಕಾರ್ಡಿನ ಬಾಕಿಗೆ ತಪ್ಪಿದರೆ ತೆರಬೇಕಾದದ್ದು ನಲವತ್ತೆರಡು. ಕಾರ್ಖಾನೆಯ ತಡಕ್ಕೆ ಒಂದು ತೂಕ, ರೈತನ ತಡಕ್ಕೆ ಮತ್ತೊಂದು ತೂಕ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲಕಾಲ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದುದನ್ನು ಕಂಡ ಜನರಿಗೆ, ಆದಾಯದ ಗಡುವು ತಮ್ಮ ಕೈಯಲ್ಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ವರ್ಷಾದಾಯದವನು ಮಾಸಿಕ ಗಡುವಿನ ಸಾಲದಲ್ಲಿ ಬೆಳೆಯ ಖರ್ಚನ್ನು ನಡೆಸಹೊರಡುವುದು ಅಪಾಯಕರ. ಸಂಬಳದವನಿಗೆ ಹೊಂದುವ ಅಂಗಿ ಅವನಿಗೆ ಹೊಂದುವುದಿಲ್ಲ.

ಅಂಕದಲ್ಲಿ ಅಡಗಿದ ಮನುಷ್ಯ

ಇನ್ನು ಜನರು ಸಿಬಿಲ್ ಎಂದು ಕರೆಯುವ ಸಾಲದ ಅಂಕದ ವಿಚಾರ. ಆ ಹೆಸರಿನ ಸಂಸ್ಥೆ ನಮ್ಮ ದೇಶದಲ್ಲಿ 2000ದಲ್ಲಿ ಸ್ಥಾಪಿತವಾಯಿತು. 2005ರಲ್ಲಿ ಸಾಲಮಾಹಿತಿ ಸಂಸ್ಥೆಗಳ ಕಾಯಿದೆ ಬಂದಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ಬ್ಯಾಂಕುಗಳು ತಮ್ಮ ಸಾಲಗಾರರ ವಿವರಗಳನ್ನು ಇವುಗಳಿಗೆ ಕಳುಹಿಸುತ್ತವೆ. 2025ರ ಜನವರಿಯಿಂದ ಅದು ಹದಿನೈದು ದಿನಕ್ಕೊಮ್ಮೆ ನಡೆಯಬೇಕೆಂದಾಯಿತು. ಆ ವಿವರಗಳಿಂದ 300ರಿಂದ 900ರವರೆಗಿನ ಒಂದು ಅಂಕ ಹುಟ್ಟುತ್ತದೆ.

ಅಂಕವನ್ನು ಏರಿಳಿಸುವ ಸಂಗತಿಗಳನ್ನು ಸರಳವಾಗಿ ಹೀಗೆ ಹೇಳಬಹುದು. ಕಂತನ್ನೂ ಬಿಲ್ಲನ್ನೂ ಸಕಾಲಕ್ಕೆ ಕಟ್ಟಿದ್ದೇವೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಎರಡನೆಯದು, ಮಂಜೂರಾದ ಮಿತಿಯಲ್ಲಿ ಎಷ್ಟು ಭಾಗವನ್ನು ಬಳಸಿದ್ದೇವೆಂಬುದು. ಐವತ್ತು ಸಾವಿರದ ಮಿತಿಯಲ್ಲಿ ನಲವತ್ತು ಸಾವಿರವನ್ನು ಬಳಸಿದವನು ಹಣಕ್ಕೆ ಪರದಾಡುತ್ತಿರಬಹುದೆಂದು ಲೆಕ್ಕ ಊಹಿಸುತ್ತದೆ. ಮಿತಿಯ ಮೂರನೆಯ ಒಂದು ಭಾಗದೊಳಗೆ ಇರುವುದು ಲೇಸೆಂದು ತಿಳಿದವರು ಹೇಳುತ್ತಾರೆ. ಮೂರನೆಯದು, ಸಾಲದ ಇತಿಹಾಸ ಎಷ್ಟು ಹಳೆಯದು ಎಂಬುದು. ನಾಲ್ಕನೆಯದು, ಅಲ್ಪಾವಧಿಯಲ್ಲಿ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದೇವೆಂಬುದು. ಬಹುಮಾನದ ಆಸೆಗೆ ಒಂದರ ಮೇಲೊಂದು ಕಾರ್ಡಿಗೆ ಅರ್ಜಿ ಹಾಕುವವನ ಅಂಕ ಇಳಿಯುವುದು ಇದರಿಂದಲೇ. ತನ್ನ ಅಂಕವನ್ನು ತಾನೇ ನೋಡಿಕೊಂಡರೆ ಇಳಿಯುವುದಿಲ್ಲ. ಪರರ ಸಾಲಕ್ಕೆ ಹಾಕಿದ ಜಾಮೀನು ಕೂಡ ನಮ್ಮ ವರದಿಯಲ್ಲಿ ಸೇರುತ್ತದೆ. ಅವನು ತಪ್ಪಿದರೆ ಅದರ ಪರಿಣಾಮ ನಮಗೂ ತಟ್ಟುತ್ತದೆ. ಬಾಕಿಯನ್ನು ಪೂರ್ಣ ಕಟ್ಟದೆ ರಾಜಿಯಲ್ಲಿ ಮುಗಿಸಿಕೊಂಡರೆ ಅದು ಪೂರ್ಣ ತೀರಿದ ಸಾಲವೆಂದು ದಾಖಲಾಗುವುದಿಲ್ಲ.

ಈ ಅಂಕದಲ್ಲಿ ಒಳ್ಳೆಯದಿಲ್ಲವೆಂದು ಹೇಳಲಾಗದು. ಹಿಂದೆ ಸಾಲ ಸಿಗಬೇಕಾದರೆ ಜಾತಿ, ಬಂಧುತ್ವ, ಮ್ಯಾನೇಜರನ ಪರಿಚಯ, ಊರ ಹಿರಿಯರ ಮಾತು ಬೇಕಾಗುತ್ತಿತ್ತು. ಅಂಕವು ಜಾತಿಯನ್ನು ಕೇಳುವುದಿಲ್ಲ. ಸಮಯಕ್ಕೆ ಸರಿಯಾಗಿ ಕಟ್ಟಿದ ನಿರ್ಗತಿಕಳಾದ ವಿಧವೆಗೂ ಅದು ಸಾಕ್ಷಿ ನುಡಿಯುತ್ತದೆ. ಆದರೆ ಅದು ಏನನ್ನು ಅಳೆಯುತ್ತದೆ ಎಂಬುದನ್ನು ನಾವು ಸರಿಯಾಗಿ ತಿಳಿಯಬೇಕು. ನಮ್ಮ ದರ್ಶನವು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆಯೆಂದು ಬೇರ್ಪಡಿಸುತ್ತದೆ. ಹೊರಗೆ ನಡೆದ ಘಟನೆ ಒಂದು, ಒಳಗಿನ ಪರಿಣಾಮ ಇನ್ನೊಂದು. ಅಂಕಕ್ಕೆ ಗೊತ್ತಿರುವುದು ದ್ರವ್ಯ ಮಾತ್ರ. 2023ರ ಬರದಲ್ಲಿ ಕಾವೇರಿಯ ನೀರಿಗಾಗಿ ಈ ಜಿಲ್ಲೆಯ ಜನ ಬೀದಿಗಿಳಿದರು. ಅಂತಹ ವರ್ಷ ಬೆಳೆ ಒಣಗಿ ಕಂತು ತಪ್ಪಿದವನೂ, ಕೈಯಲ್ಲಿ ಹಣವಿದ್ದೂ ಉಡಾಫೆಯಿಂದ ಕಟ್ಟದವನೂ ಅಂಕದ ಕಣ್ಣಿಗೆ ಒಂದೇ. ತಾಯಿಯ ಔಷಧಕ್ಕಾಗಿ ಕಾರ್ಡನ್ನು ಬಳಸಿದವನೂ ಜೂಜಿಗಾಗಿ ಬಳಸಿದವನೂ ಅಲ್ಲಿ ಒಂದೇ. ಸಾಲವನ್ನೇ ಮಾಡದೆ, ಹಾಸಿಗೆಯಿದ್ದಷ್ಟು ಕಾಲು ಚಾಚಿ ಬಾಳಿದ ಸಾತ್ತ್ವಿಕನಿಗಾದರೋ ಅಲ್ಲಿ ಅಂಕವೇ ಇಲ್ಲ. ಅವನಿಗೆ ಇತಿಹಾಸವಿಲ್ಲವೆಂದು ಬರೆದಿರುತ್ತದೆ. ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ತಿಳಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ.

ಹೀಗಾಗಿ ಅಂಕವನ್ನು ಒಂದು ಉಪಕರಣವೆಂದು ಗೌರವಿಸಬೇಕೇ ಹೊರತು ಅದನ್ನು ವ್ಯಕ್ತಿತ್ವದ ತಕ್ಕಡಿಯೆಂದು ಒಪ್ಪಬಾರದು. ಅಂಕ ಬೆಳೆಸುವುದಕ್ಕಾಗಿಯೇ ಬೇಡದ ಸಾಲವನ್ನು ಮಾಡುವುದು ಒಳ್ಳೆಯವನೆಂದು ತೋರಿಸಿಕೊಳ್ಳಲು ಉಪವಾಸ ಮಾಡಿದಂತೆ. ಮನೆ ಕಟ್ಟುವ, ಮಕ್ಕಳನ್ನು ಓದಿಸುವ ಉದ್ದೇಶವಿದ್ದು ಇತಿಹಾಸ ಬೇಕಾದವನು, ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಿಟ್ಟು ಅದರ ಆಧಾರದ ಮೇಲೆ ಕೊಡುವ ಕಾರ್ಡನ್ನು ಪಡೆದು, ಹೇಗೂ ಮಾಡಬೇಕಾದ ಖರ್ಚನ್ನು ಅದರಲ್ಲಿ ಮಾಡಿ ಪೂರ್ಣ ತೀರಿಸುತ್ತ ಹೋಗಬಹುದು. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಅದನ್ನು ತರಿಸಿ ಓದುವುದು ಗೃಹಸ್ಥನ ಕರ್ತವ್ಯ. ತಪ್ಪಿದ್ದರೆ ದೂರು ಕೊಡಬೇಕು. ದೂರು ಕೊಟ್ಟ ಮೂವತ್ತು ದಿನಗಳಲ್ಲಿ ಸರಿಯಾಗದಿದ್ದರೆ ದಿನಕ್ಕೆ ನೂರು ರೂಪಾಯಿಯ ಪರಿಹಾರಕ್ಕೆ 2024ರಿಂದ ಅವಕಾಶ ಕಲ್ಪಿಸಲಾಗಿದೆ.

ಆಯ್ಕೆಯ ಮುನ್ನ ಮಿತಿ

ಈಗ ಎರಡನೆಯ ಪ್ರಶ್ನೆ: ಎಷ್ಟು ಸಾಕು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಲಾಭದಾಸೆಗೆ ಎತ್ತನ್ನು ಶಕ್ತಿಮೀರಿ ಓಡಿಸುವುದು, ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು, ಪರರ ಲಾಭವನ್ನು ಕಂಡು ಬೆರಗಾಗಿ ಕೊರಗುವುದು, ಬಂದ ಲಾಭಕ್ಕೆ ತೃಪ್ತಿಪಡದಿರುವುದು, ಹೊರಲಾರದ ಭಾರವನ್ನು ಹೇರುವುದು. ಗಾಡಿಯ ಎತ್ತುಗಳ ಜಾಗದಲ್ಲಿ ಇಂದು ನಮ್ಮ ನಾಳಿನ ಆದಾಯವನ್ನು ಹೂಡಿದ್ದೇವೆ ಎಂಬುದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ಹಳತಾದುದು ಏನಿದೆ? ಹತ್ತು ಸಾವಿರ ಪಾಯಿಂಟ್ ತುಂಬಲೆಂದು ಬೇಡದ ವಸ್ತುವನ್ನು ಕೊಳ್ಳುವುದು ಅತಿಲೋಭ. ‘ಅವನಿಗೆ ಪುಕ್ಕಟೆ ವಿಮಾನದ ಟಿಕೆಟ್ ಸಿಕ್ಕಿತಂತೆ’ ಎಂದು ನಿದ್ದೆಗೆಡುವುದು ಅತಿವಿಸ್ಮಯ. ಮುಂದಿನ ವರ್ಷದ ಕಬ್ಬಿನ ಮೇಲೆ ಇಂದಿನ ಮದುವೆಯ ಅದ್ಧೂರಿಯನ್ನು ಹೇರುವುದು ಅತಿಭಾರವಾಹನ.

ಆದುದರಿಂದ ಕಾರ್ಡನ್ನು ಆರಿಸುವ ಕ್ರಮವನ್ನು ತಿರುಗಿಸಬೇಕು. ಮೊದಲು ಮನೆಯವರೆಲ್ಲ ಕುಳಿತು ತಿಂಗಳ ಖರ್ಚಿನ ಮಿತಿಯನ್ನು ಬರೆಯಬೇಕು. ಬ್ಯಾಂಕು ಎಷ್ಟು ಮಿತಿ ಕೊಟ್ಟಿದೆಯೆಂಬುದು ನಮ್ಮ ಮಿತಿಯಲ್ಲ. ಆಮೇಲೆ ಆ ಖರ್ಚಿಗೆ ಹೊಂದುವ ಕಾರ್ಡಿದೆಯೇ ಎಂದು ನೋಡಬೇಕು. ನಾಗಮಂಗಲದಲ್ಲಿ ವಾಸಿಸುವವನಿಗೆ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಸೌಲಭ್ಯದಿಂದ ಏನು ಪ್ರಯೋಜನ? ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ನಾಲ್ಕಾಣೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದವನಿಗೆ ಬರುವುದು 250 ರೂಪಾಯಿ. ಅದೇ ಕಾರ್ಡಿಗೆ 499 ರೂಪಾಯಿಯ ವಾರ್ಷಿಕ ಶುಲ್ಕವಿದ್ದರೆ, ತೆರಿಗೆ ಸೇರಿ ಹೋಗುವುದು ಸುಮಾರು 589. ಬಹುಮಾನವೆಂದು ಹೆಸರು, ಕೈಯಿಂದ ನಷ್ಟ. ವಾರ್ಷಿಕ ಶುಲ್ಕವಿಲ್ಲದ ಒಂದೇ ಕಾರ್ಡು, ಖಾತೆಯಿಂದ ಪೂರ್ಣ ಮೊತ್ತ ತಾನಾಗಿ ಕಡಿತವಾಗುವ ಏರ್ಪಾಡು, ಕಾರ್ಡಿನಿಂದ ನಗದು ತೆಗೆಯುವುದಿಲ್ಲವೆಂಬ ನಿಯಮ: ಬಹುಪಾಲು ಸಂಬಳದ ಕುಟುಂಬಗಳಿಗೆ ಇಷ್ಟು ಸಾಕು. ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ.

ಕೇಳದೆ ಕಾರ್ಡ್ ಕಳುಹಿಸಬಾರದು, ಒಪ್ಪಿಗೆಯಿಲ್ಲದೆ ಮಿತಿಯನ್ನು ಏರಿಸಬಾರದು, ಕಾರ್ಡನ್ನು ಮುಚ್ಚಲು ಕೋರಿದರೆ ಬಾಕಿಯಿಲ್ಲದ ಪಕ್ಷದಲ್ಲಿ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ ಐನೂರು ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಬಳಿಕ ಕರೆ ಮಾಡುವಂತಿಲ್ಲವೆಂದೂ ಅದೇ ವರ್ಷ ಸೂಚಿಸಿತು. ಈ ಹಕ್ಕುಗಳನ್ನು ತಿಳಿದುಕೊಳ್ಳುವುದೂ, ತಿಳಿಯದವರಿಗೆ ತಿಳಿಸುವುದೂ ಜ್ಞಾನದಾನವೇ. ವಸೂಲಿಯ ಕಿರುಕುಳಕ್ಕೆ ಹೆದರಿ ರಾಜ್ಯದ ಹಲವೆಡೆ ಜನರು ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳ ಬಳಿಕ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆ ಸಂಕಟ ಕಿರುಸಾಲದ್ದಾದರೂ, ತೀರಿಸಲಾಗದ ಸಾಲದ ಭಯ ಎಲ್ಲ ಸಾಲಕ್ಕೂ ಒಂದೇ. ಸಾಲದಲ್ಲಿ ಸಿಲುಕಿದ ನೆರೆಯವನನ್ನು ‘ಅವನ ಸಿಬಿಲ್ ಕೆಟ್ಟಿದೆ’ ಎಂದು ದೂರವಿಡುವ ಬದಲು, ಜೊತೆಗೆ ಬ್ಯಾಂಕಿಗೆ ಹೋಗಿ ಅವನ ಪರವಾಗಿ ಎರಡು ಮಾತನಾಡುವುದು ಅಭಯದಾನಕ್ಕೆ ಸಮಾನ.

ಬಹುಮಾನ ಎಂಬುದು ಗೌರವಪೂರ್ಣವಾದ ಶಬ್ದ. ಬಹುವಾಗಿ ಮನ್ನಿಸುವುದು ಅದರ ಅರ್ಥ. ನಮ್ಮ ಖರ್ಚನ್ನು ಮನ್ನಿಸುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಸಂಯಮವನ್ನು ಮನ್ನಿಸುವವರು ನಾವೇ ಆಗಬೇಕು. ತೆಗೆದುಕೊಂಡ ಪ್ರತಿಯೊಂದು ರೂಪಾಯಿಯ ಹಿಂದೆ ಅದನ್ನು ತೆತ್ತವನ ಮುಖವನ್ನು ಕಾಣಬಲ್ಲವನು ಕಾರ್ಡಿಟ್ಟುಕೊಂಡೂ ಅಪರಿಗ್ರಹಿಯಾಗಿರಬಲ್ಲನು. ಕಾಣಲಾರದವನು ಬರಿಗೈಯಲ್ಲಿದ್ದೂ ಪರಿಗ್ರಹಿಯೇ. ಬ್ಯಾಂಕು ಬರೆಯುವ ಅಂಕ 900ಕ್ಕೆ ಮುಗಿಯುತ್ತದೆ. ನಾಣ್ಯಸ್ಥನೆಂಬ ಹೆಸರಿಗೆ ಅಂತಹ ಮೇಲ್ಮಿತಿಯಿಲ್ಲ; ಅದನ್ನು ಕೊಡುವವರು ನಮ್ಮೊಡನೆ ವ್ಯವಹರಿಸಿದ ಜನರು, ಮತ್ತು ನಮ್ಮದೇ ಅಂತರಾತ್ಮ.